ಬಾಟಲಿಯೊಳಗಿನ ಜಿರಳೆ

ನನಗೆ ಜಿರಳೆ ಎಂದರೆ ಹೆದರಿಕೆ. ಹೀಗೆ ಹೇಳಿದ ಕೂಡಲೇ ಎದುರಿಗಿದ್ದವರು "ನನಗೂ ಅಷ್ಟೇ ಮಾರಾಯ್ತಿ" ಅನ್ನುತ್ತಾರೆ. ಅಲ್ಲ, ಅವರದ್ದು ಹೇಸಿಗೆ. ಮುಖ ಕಿವುಚಿಕೊಂಡು ಹಿಡಿಸೂಡಿಯಲ್ಲಿ ಒಂದೇಟು ಹಾಕಿ ಕೆಲಸ ಮುಗಿಸುತ್ತಾರೆ. ನನ್ನದು ಬೇರೆ ಕಥೆ.

ನನ್ನ ತವರು ಉಡುಪಿ ಹತ್ತಿರ. ಹಳೇ ಹಂಚಿನ ಮನೆ. ಬಚ್ಚಲು ಹಿಂದುಗಡೆ. ಅಲ್ಲಿ ಹಂಡೆ, ಸೌದೆ ಒಲೆ, ಮೂಲೆಯಲ್ಲಿ ಮಡಲು, ತೆಂಗಿನ ಸಿಪ್ಪೆಯ ರಾಶಿ. ಜಿರಳೆಗೆ ಇನ್ನೇನು ಬೇಕು? ಮಳೆಗಾಲದಲ್ಲಿ ಅವು ಹಾರುತ್ತವೆ ಬೇರೆ. ಆರು ವರ್ಷ ನಾನು ಮಳೆಗಾಲದಲ್ಲಿ ಆ ಮನೆಯಲ್ಲಿ ಒಂದು ರಾತ್ರಿಯೂ ಉಳಿದಿರಲಿಲ್ಲ. ಮಂಗಳೂರಿನಿಂದ ಬೆಳಗಿನ ಬಸ್ಸಿಗೆ ಹೋಗುವುದು, ಸಂಜೆ ಕತ್ತಲಾಗುವ ಮೊದಲು ವಾಪಸ್ ಹೊರಡುವುದು. ಅಪ್ಪನ ವರ್ಷಾಂತದ ದಿನವೂ "ನಾಳೆ ರಜೆ ಇಲ್ಲಮ್ಮ" ಎಂದು ಸುಳ್ಳು ಹೇಳಿ ಬಂದೆ. ಬಸ್ಸು ಪಡುಬಿದ್ರಿ ದಾಟುವಾಗ ನನ್ನ ಮೇಲೆ ನನಗೇ ನಾಚಿಕೆಯಾಯಿತು. ಆ ವಾರವೇ ಮಂಗಳೂರಿನಲ್ಲಿ ಒಬ್ಬ ಮನಶ್ಶಾಸ್ತ್ರಜ್ಞೆಯನ್ನು ಹುಡುಕಿಕೊಂಡು ಹೋದೆ.

ಅವರು ಮೊದಲು ಕೇಳಿದ್ದು ಹೆದರಿಕೆ ಎಷ್ಟಿದೆ ಎಂದಲ್ಲ. ಅದರಿಂದಾಗಿ ನೀವು ಏನೇನು ಬಿಟ್ಟಿದ್ದೀರಿ ಎಂದು. ಹೆದರಿಕೆಗೂ ಫೋಬಿಯಾಕ್ಕೂ ಇರುವ ಗೆರೆ ಸುಮಾರಾಗಿ ಅಲ್ಲೇ ಇದೆ. ಭಯ ಅಪಾಯಕ್ಕಿಂತ ತುಂಬಾ ದೊಡ್ಡದಾಗಿರಬೇಕು, ಆರು ತಿಂಗಳಿಗಿಂತ ಜಾಸ್ತಿ ಕಾಲ ಉಳಿದಿರಬೇಕು, ದಿನದ ಬದುಕಿಗೆ ಅಡ್ಡ ಬರುತ್ತಿರಬೇಕು. ನಮ್ಮೂರಿನ ತೋಟದಲ್ಲಿ ಸಂಜೆ ಹೊತ್ತು ನಾಗರಹಾವಿಗೆ ಹೆದರಿ ಟಾರ್ಚ್ ಹಿಡಿದು ನಡೆಯುವವರಿಗೆ ಫೋಬಿಯಾ ಇಲ್ಲ, ಬುದ್ಧಿ ಇದೆ. ನಾಗಬನದ ಮುಂದೆ ಕೈಮುಗಿದು ಸುತ್ತು ಬಳಸಿ ಹೋಗುವವರಿಗೂ ಇಲ್ಲ, ಅದು ಭಯಭಕ್ತಿ. ಊರಿನ ನಂಬಿಕೆ, ರೂಢಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ತೀರ್ಮಾನಿಸಬೇಕು ಎಂದು ವೈದ್ಯರ ಕೈಪಿಡಿಯೇ ಹೇಳುತ್ತದೆ. ಆದರೆ ಟಿವಿಯಲ್ಲಿ ಹಾವು ಕಂಡರೆ ಕೋಣೆ ಬಿಟ್ಟು ಓಡುವವರು, ಹಾವಿನ ಚಿತ್ರ ಇರಬಹುದೆಂದು ಮಗುವಿನ ಪಾಠಪುಸ್ತಕ ತೆರೆಯದವರು ಇದ್ದಾರೆ. ಅದು ಫೋಬಿಯಾ.

ಇದೆಲ್ಲ ಹೇಗೆ ಶುರುವಾಗುತ್ತದೆ? ನನಗೆ ನೆನಪಿದೆ: ಎಂಟು ವರ್ಷದವಳಿದ್ದಾಗ ಅಟ್ಟದಿಂದ ಜಿರಳೆಯೊಂದು ಹಾರಿ ಬಂದು ಜಡೆಯೊಳಗೆ ಸಿಕ್ಕಿಕೊಂಡಿತ್ತು. ಎಲ್ಲರಿಗೂ ಇಂಥ ನೆನಪು ಇರುವುದಿಲ್ಲ. ಕೆಲವರು ಅಮ್ಮನೋ ಅಕ್ಕನೋ ಕಿರುಚುವುದನ್ನು ನೋಡಿಯೇ ಕಲಿತಿರುತ್ತಾರೆ. ಕೆಲವರು ಬರೀ ಕೇಳಿ ಹೆದರಿರುತ್ತಾರೆ. ತಮಾಷೆ ಎಂದರೆ ಯಾವುದಕ್ಕೆ ಹೆದರಬೇಕು ಎನ್ನುವುದರಲ್ಲಿ ನಮ್ಮ ಮೆದುಳಿಗೆ ಹಳೇ ಕಾಲದ ಪಕ್ಷಪಾತ ಇದೆ. ಹಾವು, ಜೇಡ, ಎತ್ತರ, ಕತ್ತಲೆಗೆ ಅದು ಬೇಗ ಹೆದರುತ್ತದೆ. ಸ್ಕೂಟರಿಗೆ, ಕರೆಂಟಿನ ಪ್ಲಗ್ಗಿಗೆ ಅಷ್ಟು ಸುಲಭದಲ್ಲಿ ಹೆದರುವುದಿಲ್ಲ. ಮಾರ್ಟಿನ್ ಸೆಲಿಗ್ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1971ರಲ್ಲಿ ಈ ವಾದ ಮುಂದಿಟ್ಟರು. ನಂತೂರು ಸರ್ಕಲ್ಲಿನಲ್ಲಿ ಬಸ್ಸುಗಳು ನುಗ್ಗುವುದನ್ನು ನೋಡಿದರೆ ನಮಗೆಲ್ಲ ಫೋಬಿಯಾ ಬರಬೇಕಾದ್ದು ಅದರದ್ದೇ. ಬರುವುದಿಲ್ಲ ನೋಡಿ.

ಶುರುವಾದದ್ದು ಹೇಗೆ ಎನ್ನುವುದಕ್ಕಿಂತ ಇಷ್ಟು ವರ್ಷ ಉಳಿದದ್ದು ಹೇಗೆ ಎನ್ನುವುದೇ ಮುಖ್ಯ ಎಂದರು ನನ್ನ ಮನಶ್ಶಾಸ್ತ್ರಜ್ಞೆ. ಒಂದು ಹಾಳೆಯಲ್ಲಿ ವೃತ್ತ ಬರೆದು ತೋರಿಸಿದರು. ಜಿರಳೆ ಕಾಣುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಓಡುತ್ತೇನೆ, ಹೊರಗೆ ಬಂದ ಕೂಡಲೇ ಅಬ್ಬಾ ಎಂದು ಹಗುರಾಗುತ್ತದೆ. ಆ "ಅಬ್ಬಾ" ಇದೆಯಲ್ಲ, ಅದೇ ಲಂಚ. ಓಡಿದ್ದಕ್ಕೆ ಮೆದುಳಿಗೆ ಸಿಕ್ಕಿದ ಬಹುಮಾನ. ಮುಂದಿನ ಸಲ ಅದು ಇನ್ನೂ ಬೇಗ ಓಡಿಸುತ್ತದೆ. ಇದರಲ್ಲಿ ಇನ್ನೊಂದು ನಷ್ಟ ಇದೆ. ಓಡಿ ಹೋದವಳಿಗೆ, ನಿಂತಿದ್ದರೆ ಏನಾಗುತ್ತಿತ್ತು ಎಂದು ಯಾವತ್ತೂ ಗೊತ್ತಾಗುವುದಿಲ್ಲ. ಹಾಗಾಗಿ ಎಂಟು ವರ್ಷದ ಹುಡುಗಿಯ ತೀರ್ಮಾನವೇ ನಲವತ್ತರ ಹೆಂಗಸಿನಲ್ಲೂ ಹಾಗೇ ಕೂತಿರುತ್ತದೆ. ಹೋಬರ್ಟ್ ಮೌರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1947ರಲ್ಲೇ ಈ ಎರಡು ಹಂತಗಳ ವಿವರಣೆ ಕೊಟ್ಟಿದ್ದರು: ಭಯ ಅಂಟಿಕೊಳ್ಳುವುದು ಒಂದು ಬಗೆಯಲ್ಲಿ, ಉಳಿಯುವುದು ಇನ್ನೊಂದು ಬಗೆಯಲ್ಲಿ.

"ಹೆದರಬೇಡ, ಅದು ನಿನ್ನನ್ನು ತಿನ್ನುತ್ತದಾ?" ಎನ್ನುವ ಉಪದೇಶ ಯಾಕೆ ನಾಟುವುದಿಲ್ಲ ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. ತಿನ್ನುವುದಿಲ್ಲ ಎಂದು ನನಗೂ ಗೊತ್ತು. ಗೊತ್ತಿಲ್ಲದೇ ಇರುವುದು ಮೆದುಳಿನ ಆಳದಲ್ಲಿರುವ, ಬಾದಾಮಿ ಗಾತ್ರದ ಅಮಿಗ್ಡಲ ಎಂಬ ಭಾಗಕ್ಕೆ. ಅಪಾಯದ ಗಂಟೆ ಬಾರಿಸುವುದರಲ್ಲಿ ಅದಕ್ಕೆ ದೊಡ್ಡ ಪಾತ್ರ ಇದೆ. ನಾವು ಯೋಚಿಸಿ ಮುಗಿಸುವ ಮೊದಲೇ ಅದು ಗಂಟೆ ಬಾರಿಸಿಬಿಡುತ್ತದೆ. ಅದಕ್ಕೆ ಮಾತು ಹಿಡಿಸುವುದಿಲ್ಲ. ಅನುಭವ ಮಾತ್ರ ಹಿಡಿಸುತ್ತದೆ.

ಆ ಅನುಭವ ಕೊಡುವುದು ಹೇಗೆ? ಇದಕ್ಕೆ ಮನಶ್ಶಾಸ್ತ್ರದಲ್ಲಿ ನೂರು ವರ್ಷದ ಇತಿಹಾಸ ಇದೆ. ಆದರೆ ನಮ್ಮೂರಿನ ಅಮ್ಮಂದಿರಿಗೆ ಅದು ಮೊದಲಿಂದಲೂ ಗೊತ್ತಿತ್ತು ಎಂದು ನನ್ನ ಅನುಮಾನ. ಹುಲಿವೇಷ ನೆನಪಿಸಿಕೊಳ್ಳಿ. ಉಡುಪಿಯಲ್ಲಿ ವಿಟ್ಲಪಿಂಡಿಗೆ, ಮಂಗಳೂರಲ್ಲಿ ನವರಾತ್ರಿಗೆ ತಾಸೆಯ ಸದ್ದು ಕೇಳಿದರೆ ಸಾಕು, ಎರಡು ಮೂರು ವರ್ಷದ ಮಕ್ಕಳು ಅಮ್ಮನ ಸೆರಗಿನೊಳಗೆ. ಜಾಣ ಅಮ್ಮ ಏನು ಮಾಡುತ್ತಾಳೆ? ಮಗುವನ್ನು ಹುಲಿಯ ಎದುರು ಹಿಡಿದು ನಿಲ್ಲಿಸುವುದಿಲ್ಲ. ಮನೆಯೊಳಗೆ ಅಡಗಿಸಿಯೂ ಇಡುವುದಿಲ್ಲ. ಮಹಡಿಯ ಕಿಟಕಿಯಿಂದ ತೋರಿಸುತ್ತಾಳೆ. ಕೈಗೆ ಒಂದು ಚಕ್ಕುಲಿ ಕೊಡುತ್ತಾಳೆ. "ಅಗೋ ನೋಡು, ಅಣ್ಣ ಹುಲಿಗೆ ದುಡ್ಡು ಕೊಡ್ತಿದ್ದಾನೆ" ಅನ್ನುತ್ತಾಳೆ. ಮಾರನೇ ವರ್ಷ ಗೇಟಿನ ಹತ್ತಿರ. ಅದರ ಮಾರನೇ ವರ್ಷ ಬಣ್ಣ ಬಳಿಯುವ ಜಾಗಕ್ಕೇ ಕರೆದುಕೊಂಡು ಹೋಗುತ್ತಾರೆ. ಎರಡು ಕೋಲಿನ ಮೇಲೆ ಕೈ ಚಾಚಿ ನಿಂತ ಮನುಷ್ಯ ಕಣ್ಣೆದುರೇ ಹುಲಿಯಾಗುವುದನ್ನು ಕಂಡ ಹುಡುಗ ಐದನೇ ವರ್ಷಕ್ಕೆ "ನಂಗೂ ಬಣ್ಣ ಹಾಕಿ" ಎಂದು ಹಟ ಹಿಡಿಯುತ್ತಾನೆ.

1924ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಪೀಟರ್ ಎಂಬ ಮೂರು ವರ್ಷ ತುಂಬದ ಹುಡುಗನಿಗೆ ಮೊಲ ಕಂಡರೆ ಆಗುತ್ತಿರಲಿಲ್ಲ. ಹತ್ತಿ, ತುಪ್ಪಳದ ಕೋಟು ಕಂಡರೂ ಅಷ್ಟೇ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ಪಂಜರದಲ್ಲಿ ದೂರ ಇಟ್ಟರು. ದಿನ ಹೋದ ಹಾಗೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಮೊಲದ ಜೊತೆ ಸುಮ್ನೆ ಆಡುತ್ತಿದ್ದ ಬೇರೆ ಮಕ್ಕಳನ್ನೂ ಪಕ್ಕದಲ್ಲಿ ಬಿಟ್ಟರು. ಕೊನೆಗೆ ಮೊಲ ಪೀಟರನ ಬೆರಳು ಕಚ್ಚಿ ಆಡುವಷ್ಟು ದೋಸ್ತಿಯಾಯಿತು. ಇದಕ್ಕೆ ನಾಲ್ಕು ವರ್ಷ ಮೊದಲು, 1920ರಲ್ಲಿ, ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ತದ್ವಿರುದ್ಧ ಕೆಲಸ ಮಾಡಿದ್ದರು. ಆಲ್ಬರ್ಟ್ ಎಂಬ ಪುಟ್ಟ ಮಗು ಬಿಳಿ ಇಲಿಯನ್ನು ಮುಟ್ಟಿದಾಗೆಲ್ಲ ಹಿಂದಿನಿಂದ ಕಬ್ಬಿಣದ ಸರಳಿಗೆ ಸುತ್ತಿಗೆಯಲ್ಲಿ ಬಡಿದು ಬೆಚ್ಚಿಬೀಳಿಸಿ ಹೆದರಿಕೆ ಕಲಿಸಿದರು. ಕಲಿಸಿದ್ದನ್ನು ಬಿಡಿಸದೆ ಹಾಗೇ ಕಳಿಸಿಬಿಟ್ಟರು. ಈಗ ಯಾರಾದರೂ ಹಾಗೆ ಮಾಡಿದರೆ ಜೈಲಿಗೆ ಹಾಕುತ್ತಾರೆ, ಹಾಕಲೂಬೇಕು.

ಮುಂದೆ ದಕ್ಷಿಣ ಆಫ್ರಿಕಾದ ವೈದ್ಯ ಜೋಸೆಫ್ ವೋಲ್ಪೆ 1958ರಲ್ಲಿ ಇದಕ್ಕೊಂದು ಶಿಸ್ತು ತಂದರು. ಮೈ ಸಡಿಲ ಬಿಡುವುದನ್ನು ಮೊದಲು ಕಲಿಸಿ, ಆಮೇಲೆ ಹೆದರಿಕೆಯ ವಿಷಯವನ್ನು ಮೆಟ್ಟಿಲು ಮೆಟ್ಟಿಲಾಗಿ ಕಲ್ಪಿಸಿಕೊಳ್ಳಲು ಹೇಳುವುದು ಅವರ ಕ್ರಮ. ಹೆದರಿಕೆಗೆ 0ಯಿಂದ 100ರ ತನಕ ಅಂಕ ಕೊಡುವ ರೂಢಿಯೂ ಅವರಿಂದಲೇ ಬಂದದ್ದು. ಮೈ ಸಡಿಲ ಬಿಡದೆಯೂ ಇದು ಕೆಲಸ ಮಾಡುತ್ತದೆ, ಕಲ್ಪನೆಗಿಂತ ನಿಜವಾದ ವಸ್ತು ಎದುರಿಗಿದ್ದರೆ ಜಾಸ್ತಿ ಫಲ ಸಿಗುತ್ತದೆ ಎಂದು ಆಮೇಲೆ ಗೊತ್ತಾಯಿತು.

ನಾನೂ ಅಂಕ ಕೊಟ್ಟೆ. ಜಿರಳೆಯ ಫೋಟೋ 25. ರಬ್ಬರಿನ ಜಿರಳೆ 35. ಬಾಟಲಿಯಲ್ಲಿ ಸತ್ತದ್ದು 50. ಬಾಟಲಿಯಲ್ಲಿ ಜೀವಂತ 70. ಟಬ್ಬಿನಲ್ಲಿ ಬಿಟ್ಟದ್ದು 85. ಕೈ ಮೇಲೆ 100. ತವರಿನ ಬಚ್ಚಲಲ್ಲಿ ರಾತ್ರಿ ಸ್ನಾನಕ್ಕೆ ನೂರ ಹತ್ತು ಕೊಡಬಹುದಾ ಎಂದು ಕೇಳಿದೆ. ಮನಶ್ಶಾಸ್ತ್ರಜ್ಞೆ ನಗಲಿಲ್ಲ, ಬರೆದುಕೊಂಡರು.

ಒಂದು ಷರತ್ತನ್ನು ಅವರಾಗಿಯೇ ಹೇಳಿದರು. ನನಗೆ ಹೇಳದೆ, ನಾನು ಒಪ್ಪದೆ ಏನನ್ನೂ ಮಾಡುವುದಿಲ್ಲ. ಇದು ಬಾಯಿಮಾತಿನ ಉಪಚಾರ ಅಲ್ಲ. "ಹೆದರಿಕೆ ಬಿಡಿಸ್ತೇನೆ" ಎಂದು ಹಿಂದಿನಿಂದ ಬಂದು ಜಿರಳೆ ಎಸೆಯುವ ಮಾವಂದಿರು ಎಲ್ಲ ಮನೆಯಲ್ಲೂ ಇದ್ದಾರೆ. ಅವರು ಮಾಡುವುದು ಆಲ್ಬರ್ಟ್‌ಗೆ ವಾಟ್ಸನ್ ಮಾಡಿದ್ದನ್ನೇ.

ಮೂರನೇ ಭೇಟಿಗೆ ಮೇಜಿನ ಮೇಲೆ ಜಾಮ್ ಬಾಟಲಿ ಇತ್ತು. ಮುಚ್ಚಳಕ್ಕೆ ಮೊಳೆಯಿಂದ ತೂತು. ಮೇಲೆ ಕರವಸ್ತ್ರ ಹೊದಿಸಿದ್ದರು. ಒಳಗೆ ಎರಡು ಇವೆ ಎಂದು ಮೊದಲೇ ಹೇಳಿದ್ದರು. ಆದರೂ ಬಟ್ಟೆಯ ಕೆಳಗಿನ ಆ ಚರಚರ ಸದ್ದಿಗೆ ನನ್ನ ಅಂಗೈ ಒದ್ದೆಯಾಯಿತು. "ತೆಗೆಯುವ ಮೊದಲು ಏನಾಗುತ್ತದೆ ಅಂತ ಬರೆಯಿರಿ" ಎಂದರು. ಬರೆದೆ: ನನ್ನ ಮುಖಕ್ಕೇ ಹಾರುತ್ತದೆ, ನೂರಕ್ಕೆ 90. ತಲೆ ತಿರುಗಿ ಬೀಳುತ್ತೇನೆ, ನೂರಕ್ಕೆ 80. ಬಟ್ಟೆ ತೆಗೆದರು. ಮೊದಲು ಅವರೇ ಬಾಟಲಿ ಎತ್ತಿಕೊಂಡರು. ಆಮೇಲೆ ನನ್ನ ಕೈಯನ್ನು ಅವರ ಕೈ ಮೇಲೆ ಇಟ್ಟುಕೊಳ್ಳಲು ಹೇಳಿದರು. ಆಮೇಲೆ ನಾನೊಬ್ಬಳೇ ಹಿಡಿದೆ. ಗಾಜಿನ ಆಚೆ ಮೀಸೆ ಆಡುತ್ತಿತ್ತು. ಹೊಟ್ಟೆಯ ಗೆರೆಗಳು ಕಾಣುತ್ತಿದ್ದವು. ಜೀವಮಾನದಲ್ಲಿ ಮೊದಲ ಸಲ ನಾನು ಜಿರಳೆಯನ್ನು ಸರಿಯಾಗಿ ನೋಡಿದ್ದು ಆಗ.

ಅದೇ ದಿನ ಟಬ್ಬಿಗೂ ಬಿಟ್ಟೆವು. ಅದು ಹಾರಲಿಲ್ಲ. ಬೆಳಕಿಗೆ ಕಂಗಾಲಾಗಿ, ಟಬ್ಬಿನಲ್ಲಿದ್ದ ಕಾಗದದ ಅಡಿಗೆ ಓಡಿ ಅಡಗಿತು. ಪೆನ್ಸಿಲಿನಿಂದ ಕಾಗದ ಎತ್ತಿದರೆ ಇನ್ನೊಂದು ಮೂಲೆಗೆ. ನನ್ನ ಕಡೆ ಬರಲೇ ಇಲ್ಲ, ಅದಕ್ಕೂ ಅಡಗಲು ಜಾಗ ಬೇಕಿತ್ತು. ತಲೆ ಸ್ವಲ್ಪ ತಿರುಗಿತು ನಿಜ, ಬೀಳಲಿಲ್ಲ. ಅವರು ನನ್ನ ಚೀಟಿ ತೆಗೆದು ಮುಂದಿಟ್ಟರು. "ಈಗ ಏನಾಯಿತು ಅಂತ ಇದರ ಕೆಳಗೆ ಬರೆಯಿರಿ."

ಚಿಕಿತ್ಸೆಯ ತಿರುಳು ಆ ಎರಡು ಸಾಲುಗಳ ನಡುವಿನ ಅಂತರದಲ್ಲಿದೆ. ಹೆದರಿಕೆ ಇಳಿಯುವ ತನಕ ಅಲ್ಲೇ ಕೂರಿಸಿದರೆ ಸಾಕು, ರೂಢಿಯಾಗಿ ಹೋಗುತ್ತದೆ ಎಂದು ಮೊದಲು ನಂಬಿದ್ದರು. ಕ್ಯಾಲಿಫೋರ್ನಿಯಾದ ಮಿಷೆಲ್ ಕ್ರಾಸ್ಕ್ ಮತ್ತು ಸಂಗಡಿಗರು ಈಚಿನ ವರ್ಷಗಳಲ್ಲಿ ಒತ್ತಿ ಹೇಳುತ್ತಿರುವುದು ಬೇರೆ. ಆ ಹೊತ್ತಿಗೆ ಭಯ ಇಳಿಯಿತೋ ಇಲ್ಲವೋ ಎನ್ನುವುದು ಅಷ್ಟು ದೊಡ್ಡ ಸಂಗತಿ ಅಲ್ಲ. ಆಗುತ್ತದೆ ಎಂದುಕೊಂಡದ್ದು ಆಗಲಿಲ್ಲ ಎನ್ನುವ ಅಚ್ಚರಿ ಎಷ್ಟು ದೊಡ್ಡದೋ ಕಲಿಕೆ ಅಷ್ಟು ಗಟ್ಟಿ. ಅದಕ್ಕೇ ಮೊದಲು ಬರೆಸುವುದು. ಬರೆಯದಿದ್ದರೆ ಮನಸ್ಸು ಕಳ್ಳಲೆಕ್ಕ ಹೇಳುತ್ತದೆ, "ನನಗೆ ಮೊದಲೇ ಗೊತ್ತಿತ್ತು ಬಿಡು" ಅಂದುಬಿಡುತ್ತದೆ.

ಕೆಲವರಿಗೆ ಒಂದೇ ಸಲ ಕೂತು ಮುಗಿಸುವುದೂ ಉಂಟು. ಸ್ವೀಡನ್ನಿನ ಲಾರ್ಸ್ ಯೋರಾನ್ ಓಸ್ಟ್ 1989ರಲ್ಲಿ ಇಂಥ ಕ್ರಮವನ್ನು ಪ್ರಕಟಿಸಿದರು. ಒಂದೇ ಬೈಠಕ್, ಹೆಚ್ಚೆಂದರೆ ಮೂರು ಗಂಟೆ. ಅವರು ಹಾಗೆ ನೋಡಿದ 20 ಜನರಲ್ಲಿ ನೂರಕ್ಕೆ 90ರಷ್ಟು ಮಂದಿ ಸರಾಸರಿ ನಾಲ್ಕು ವರ್ಷದ ನಂತರವೂ ಚೆನ್ನಾಗಿದ್ದರು. ನನಗೆ ಅಷ್ಟು ಧೈರ್ಯ ಇರಲಿಲ್ಲ. ಏಳು ಭೇಟಿ ಬೇಕಾಯಿತು. ಜಿರಳೆಯ ವಿಷಯದಲ್ಲಿ ಭಯದ ಜೊತೆ ಹೇಸಿಗೆಯೂ ಬೆರೆತಿರುತ್ತದೆ. ಭಯ ಇಳಿದಷ್ಟು ಬೇಗ ಹೇಸಿಗೆ ಇಳಿಯುವುದಿಲ್ಲವಂತೆ. ನನಗೂ ಹಾಗೇ ಆಯಿತು. ಈಗಲೂ ಹೇಸಿಗೆ ಇದೆ, ಇರಲಿ ಬಿಡಿ.

ನಾಲ್ಕನೇ ಭೇಟಿಯಲ್ಲಿ ನನ್ನ ಕಳ್ಳಾಟ ಸಿಕ್ಕಿಬಿತ್ತು. ಮನೆಯಲ್ಲಿ ಮಾಡಲು ಕೊಟ್ಟ ಕೆಲಸವನ್ನೆಲ್ಲ ಮಾಡಿದ್ದೆ. ಆದರೆ ಕಾಲಿಗೆ ಶೂ, ಕೈಯಲ್ಲಿ ಹಿಡಿಸೂಡಿ, ಬಾಗಿಲಲ್ಲಿ ಗಂಡ. "ಇವರು ಇದ್ದದ್ದಕ್ಕೆ ಏನೂ ಆಗಲಿಲ್ಲ" ಎಂದು ಮೆದುಳು ಪಾಠ ಕಲಿತಿತ್ತು. ನಮ್ಮ ಕಡೆ ಒಣಗಿದ ತೆಂಗಿನಕಾಯಿ ಎರಡನ್ನು ಜೋಡಿಸಿ ಕಟ್ಟಿಕೊಂಡು ಕೆರೆಯಲ್ಲಿ ಈಜು ಕಲಿಯುತ್ತಾರೆ. ಎರಡು ದಿನಕ್ಕೆ ಒಳ್ಳೆಯದೇ. ಇಡೀ ಬೇಸಗೆ ಬಿಚ್ಚದಿದ್ದರೆ ಕಾಯಿ ತೇಲುತ್ತದೆ ಎಂದು ಗೊತ್ತಾಗುತ್ತದೆ, ಅಷ್ಟೇ. ಮೊದಲು ಗಂಡನನ್ನು ಅಡುಗೆಮನೆಗೆ ಕಳಿಸಿದೆ, ಆಮೇಲೆ ಹಿಡಿಸೂಡಿ, ಕೊನೆಗೆ ಶೂ. ಹೆದರಿದವರಿಗೆ ಮಂತ್ರಿಸಿದ ನೂಲು ಕಟ್ಟಿಸುವುದನ್ನು ಆಡಿಕೊಳ್ಳುವ ವಿದ್ಯಾವಂತರಲ್ಲಿ ನಾನೂ ಒಬ್ಬಳು. ನನ್ನ ನೂಲು ಹಿಡಿಸೂಡಿಯಾಗಿತ್ತು.

ಮಾತ್ರೆಯ ವಿಷಯವೂ ಇದೇ ಜಾತಿ. ಒಂದೇ ವಸ್ತುವಿನ ಭಯಕ್ಕೆ ಮಾತ್ರೆ ಮುಖ್ಯ ಚಿಕಿತ್ಸೆ ಅಲ್ಲ. ಎದುರಿಸುವ ಮೊದಲು ಮನಸ್ಸು ತಣ್ಣಗಾಗಲು ಮಾತ್ರೆ ನುಂಗಿದರೆ ಹೆಸರು ಮಾತ್ರೆಗೆ ಹೋಗುತ್ತದೆ. ಹಾಗಂತ ಬೇರೆ ಕಾಯಿಲೆಗೆ ವೈದ್ಯರು ಕೊಟ್ಟದ್ದನ್ನು ನೀವಾಗಿಯೇ ನಿಲ್ಲಿಸಬೇಡಿ.

ಇಷ್ಟೆಲ್ಲ ಕೇಳಿ, ಎಲ್ಲ ಫೋಬಿಯಾಕ್ಕೂ ಒಂದೇ ಮದ್ದು ಅಂದುಕೊಳ್ಳಬಾರದು. ನನ್ನ ತಮ್ಮನ ಕತೆ ಕೇಳಿ. ಆರಡಿ ಆಳು. ರಕ್ತಪರೀಕ್ಷೆಗೆ ಸೂಜಿ ಚುಚ್ಚಿದರೆ ನೆಲಕ್ಕೆ. ಸುತ್ತ ಇದ್ದವರೆಲ್ಲ "ರಿಲ್ಯಾಕ್ಸ್ ಮಾಡಿ, ಉಸಿರು ಬಿಡಿ" ಅನ್ನುವವರೇ. ಅದೇ ತಪ್ಪು. ಬೇರೆ ಹೆದರಿಕೆಗಳಲ್ಲಿ ಎದೆಬಡಿತ, ರಕ್ತದೊತ್ತಡ ಏರುತ್ತವೆ, ಹಾಗಾಗಿ ತಲೆ ತಪ್ಪುವುದು ಅಪರೂಪ. ರಕ್ತ, ಸೂಜಿ, ಗಾಯದ ಭಯದಲ್ಲಿ ಮಾತ್ರ ಅವು ಮೊದಲು ಏರಿ ಆಮೇಲೆ ದಿಢೀರನೆ ಇಳಿಯುತ್ತವೆ. ಮೆದುಳಿಗೆ ರಕ್ತ ಸಾಲದೆ ಮನುಷ್ಯ ಬೀಳುತ್ತಾನೆ. ಕುಟುಂಬದಲ್ಲಿ ಹರಿದು ಬರುವ ಗುಣವೂ ಇದಕ್ಕೆ ಜಾಸ್ತಿ. ನಮ್ಮ ದೊಡ್ಡಪ್ಪನೂ ಹೀಗೇ ಇದ್ದರು.

ಇಂಥವರಿಗೆ ಮೈ ಸಡಿಲ ಬಿಡಲು ಹೇಳಿದರೆ ಬೀಳುವವರನ್ನು ಇನ್ನಷ್ಟು ನೂಕಿದ ಹಾಗೆ. ಬೇಕಾದ್ದು ಮೈ ಬಿಗಿ ಹಿಡಿಯುವುದು. ಇದನ್ನು ರೂಪಿಸಿದ್ದೂ ಅದೇ ಓಸ್ಟ್, 1987ರ ಹೊತ್ತಿಗೆ. ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು 10ರಿಂದ 15 ಸೆಕೆಂಡು, ಮುಖ ಬೆಚ್ಚಗಾಗುವ ತನಕ ಬಿಗಿಹಿಡಿಯಬೇಕು. ಬಿಟ್ಟು 20-30 ಸೆಕೆಂಡು ಮಾಮೂಲಿಯಾಗಿ ಇರಬೇಕು, ಪೂರ್ತಿ ಸಡಿಲ ಬಿಡಬಾರದು. ಹೀಗೆ ಐದು ಸಲ. ತಮ್ಮ ಇದನ್ನು ಮನೆಯಲ್ಲಿ ದಿನಾ ಅಭ್ಯಾಸ ಮಾಡಿ, ರಕ್ತದ ಚಿತ್ರ ನೋಡುತ್ತಾ ಮಾಡಿ, ಆಮೇಲೆ ಲ್ಯಾಬಿಗೆ ಹೋದ. ಸೂಜಿ ಚುಚ್ಚುವ ತೋಳನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಗಿಹಿಡಿದು ಕೂತ. ಮುಖ ಕೆಂಪಾಗಿತ್ತಂತೆ. ಬೀಳಲಿಲ್ಲ.

ನಿಜವಾದದ್ದನ್ನು ಕೋಣೆಗೆ ತರಲಾಗದ ಭಯಗಳಿಗೆ ಕಂಪ್ಯೂಟರ್ ಬಂದಿದೆ. ಕಣ್ಣಿಗೆ ದಪ್ಪ ಕನ್ನಡಕ ಹಾಕಿದರೆ ಕಾಣದ ಪ್ರಪಾತ ಕಾಣುತ್ತದೆ. ಬಾರ್ಬರಾ ರಾಥ್‌ಬಾಮ್ ಮತ್ತು ಸಂಗಡಿಗರು 1995ರಲ್ಲೇ ಎತ್ತರದ ಭಯ ಇದ್ದವರನ್ನು ಹೀಗೆ ಕಾಲುಸೇತುವೆ, ಬಾಲ್ಕನಿ, ಗಾಜಿನ ಲಿಫ್ಟುಗಳಲ್ಲಿ ನಿಲ್ಲಿಸಿ ನೋಡಿದ್ದರು. ಸ್ಪೇನಿನಲ್ಲಿ ಕ್ರಿಸ್ಟಿನಾ ಬೊಟೆಲಾ ಅವರ ತಂಡ ನನ್ನಂಥವರಿಗಾಗಿಯೇ ಜಿರಳೆಗಳನ್ನು ಮಾಡಿತು. ಕನ್ನಡಕದಲ್ಲಿ ನಿಮ್ಮದೇ ಕೈ, ನಿಮ್ಮದೇ ಮೇಜು ಕಾಣುತ್ತದೆ, ಅದರ ಮೇಲೆ ಹರಿದಾಡುವ ಜಿರಳೆ ಮಾತ್ರ ಸುಳ್ಳು. ಒಳ್ಳೆಯ ಉಪಾಯ. ಆದರೆ ಉಡುಪಿ ಹತ್ತಿರದ ಕೆಮ್ಮಣ್ಣು ಎಂಬ ಊರಿನ ತೂಗುಸೇತುವೆ ಹತ್ತಲು ಹೆದರುವವರು ಕೊನೆಗೆ ಕೆಮ್ಮಣ್ಣಿಗೇ ಹೋಗಬೇಕು. ಕೆಳಗೆ ಹೊಳೆ, ಎದುರಿನಿಂದ ಯಾರೋ ಸೈಕಲ್ ತಳ್ಳಿಕೊಂಡು ಬಂದಾಗ ಕಾಲಡಿಯ ಹಲಗೆ ಅದುರುವುದು ಯಾವ ಕನ್ನಡಕದಲ್ಲೂ ಸಿಗುವುದಿಲ್ಲ.

ಜಾಗದ ಮಾತು ಬಂತು. ಐದನೇ ಭೇಟಿಗೆ ನಾನು ಕೈ ಮೇಲೆ ಜಿರಳೆ ಬಿಟ್ಟುಕೊಂಡಿದ್ದೆ. ಗೆದ್ದೆ ಅಂದುಕೊಂಡೆ. ಮುಂದಿನ ವಾರ ತವರಿಗೆ ಹೋದೆ. ಬಚ್ಚಲ ಬಾಗಿಲು ತೆಗೆದರೆ ಎದೆ ಮೊದಲಿನ ಹಾಗೇ ಹೊಡೆದುಕೊಂಡಿತು. ಅಳುತ್ತಾ ವಾಪಸ್ ಬಂದೆ. ಮನಶ್ಶಾಸ್ತ್ರಜ್ಞೆಗೆ ಅಚ್ಚರಿಯೇ ಆಗಲಿಲ್ಲ. ಹಳೇ ಭಯ ಅಳಿಸಿ ಹೋಗುವುದಿಲ್ಲವಂತೆ. ಅದರ ಪಕ್ಕದಲ್ಲಿ ಹೊಸ ನೆನಪು ಒಂದು ಕೂರುತ್ತದೆ, ಅಷ್ಟೇ. ಕಲಿಸಿದ್ದನ್ನು ಮರೆಸಿದ ಮೇಲೂ ಕೆಲವು ಕಾಲಕ್ಕೆ ಅದು ತಾನಾಗಿ ಮರಳುವುದನ್ನು ರಷ್ಯಾದ ವಿಜ್ಞಾನಿ ಪಾವ್ಲೋವ್ ತನ್ನ ಪ್ರಯೋಗದ ನಾಯಿಗಳಲ್ಲೇ ಕಂಡಿದ್ದ. ಹೊಸ ನೆನಪು ಕಲಿತ ಕೋಣೆಯಲ್ಲಿ ಜೋರಾಗಿರುತ್ತದೆ, ಹಳೆಯದು ಎಲ್ಲ ಕಡೆ ಇರುತ್ತದೆ. ಹಾಗಾಗಿ ಬೇರೆ ಬೇರೆ ಜಾಗ, ಬೇರೆ ಬೇರೆ ಹೊತ್ತು, ಸಣ್ಣದು, ದೊಡ್ಡದು, ಹಾರುವುದು, ಎಲ್ಲದರ ಜೊತೆಗೂ ಕಲಿಯಬೇಕು. ಉಳಿದ ಎರಡು ಭೇಟಿ ಅದಕ್ಕೇ ಹೋಯಿತು. ತವರಿನಲ್ಲೂ ಅಭ್ಯಾಸ ಮಾಡಿದೆ. ಮೊದಲು ಹಗಲು, ಆಮೇಲೆ ಮುಸ್ಸಂಜೆ. ಅಮ್ಮ ಹೊರಗಿನಿಂದ "ಆಯ್ತಾ ಮಗಾ?" ಎಂದು ಕೂಗುತ್ತಿದ್ದಳು. ಹಾಗೆ ಕೂಗಬಾರದು ಎಂದು ಅವಳಿಗೂ ಹೇಳಿಕೊಡಬೇಕಾಯಿತು.

ನೀವು ಯಾರ ಬಳಿ ಹೋಗಬೇಕು ಎಂದರೆ, ಮನೋವೈದ್ಯರು ಬೇರೆ, ಮನಶ್ಶಾಸ್ತ್ರಜ್ಞರು ಬೇರೆ. ಮನೋವೈದ್ಯರು ಎಂಬಿಬಿಎಸ್ ಓದಿ ಮೇಲೆ ಮನೋರೋಗದಲ್ಲಿ ತರಬೇತಿ ಪಡೆದವರು, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಬೋರ್ಡಿನಲ್ಲಿ "ಕೌನ್ಸೆಲರ್" ಎಂದಿದ್ದರೆ ನೋಂದಣಿ ಸಂಖ್ಯೆ ಕೇಳಿ, ಸಂಕೋಚ ಬೇಡ. ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳಲ್ಲಿ ಈ ವಿಭಾಗಗಳಿವೆ. ಎಲ್ಲಿಂದ ಶುರು ಮಾಡುವುದು ಎಂದೇ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್. ದುಡ್ಡು ಇಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮೊದಲ ಭೇಟಿಯಲ್ಲೇ ಕೇಳಿ: ನನ್ನನ್ನು ಹೆದರಿಸುವ ವಸ್ತುವಿನ ಎದುರು ಯಾವಾಗ, ಹೇಗೆ ಕೂರಿಸುತ್ತೀರಿ? ತಿಂಗಳುಗಟ್ಟಲೆ ಬರೀ ಬಾಲ್ಯದ ಬಗ್ಗೆ ಮಾತಾಡಿಸಿ ಕಳಿಸುವವರಾದರೆ ನಾನಾದರೆ ಬೇರೆಯವರನ್ನು ನೋಡುತ್ತೇನೆ.

ಕಳೆದ ಜುಲೈಯಲ್ಲಿ ತವರಿನಲ್ಲಿ ಎರಡು ರಾತ್ರಿ ಉಳಿದೆ. ಎರಡನೇ ರಾತ್ರಿ ಜೋರು ಮಳೆ, ಕರೆಂಟು ಇಲ್ಲ. ಬಚ್ಚಲಿಗೆ ಚಿಮಣಿ ದೀಪ ಹಿಡಿದು ಹೋದೆ. ಹಂಡೆಯ ಅಂಚಿನ ಮೇಲೆ ಒಂದು ಕೂತಿತ್ತು, ಮೀಸೆ ಆಡಿಸುತ್ತಾ. ಅಂಕ ಕೊಟ್ಟುಕೊಂಡೆ: 55. ತಂಬಿಗೆಯಲ್ಲಿ ನೀರು ತೋಡುವಾಗ ಅದು ಒಲೆಯ ಸಂದಿಗೆ ಇಳಿದು ಹೋಯಿತು.